ವಿಜ್ಞಾಪನೆ ಪುಸ್ತಕದಲ್ಲಿ ಇಲ್ಲದ ಹೆಸರು

ಧಾರವಾಡದ ನಮ್ಮ ಓಣಿಯಲ್ಲಿ ಬುಧವಾರ ನಮ್ಮ ಚರ್ಚಿನವರ ಮನೆ ಪ್ರಾರ್ಥನೆ ಇರುತ್ತದೆ. ಅಲ್ಲಿ ವಿಜ್ಞಾಪನೆ, ಅಂದರೆ ಯಾರಿಗೆ ಏನಕ್ಕಾಗಿ ಪ್ರಾರ್ಥಿಸಬೇಕು ಎಂಬುದನ್ನು, ಬರೆದುಕೊಳ್ಳುವ ಕೆಲಸ ನನ್ನದು. ನೂರು ಪುಟದ ನೋಟ್‌ಬುಕ್ಕು. ಯಾರಿಗೆ ಶುಗರ್ ಜಾಸ್ತಿಯಾಗಿದೆ, ಯಾರ ಮಗನಿಗೆ ವೀಸಾ ಬಂದಿಲ್ಲ, ಯಾರ ಹೊಲದ ಕೇಸು ಯಾವ ತಾರೀಖಿಗಿದೆ, ಎಲ್ಲ ಅದರಲ್ಲಿದೆ. ಆರು ವರ್ಷದಲ್ಲಿ ನನ್ನ ಹೆಸರು ಮಾತ್ರ ಒಂದು ಸಲವೂ ಬರೆದಿರಲಿಲ್ಲ.

ಕುಡಿತ, ಸಾಲ, ಗಂಡ ಹೆಂಡತಿ ಜಗಳ ಇವೂ ಅದರಲ್ಲಿ ಬರುವುದಿಲ್ಲ ಬಿಡಿ. ಅಂಥದ್ದಕ್ಕೆಲ್ಲ ಒಂದೇ ಮಾತು: 'ಒಂದು ವಿಶೇಷ ವಿಷಯ ಐತ್ರಿ, ದೇವರಿಗೆ ಗೊತ್ತೈತಿ.' ನಾನೂ ಹಾಗೇ ಬರೆದುಕೊಳ್ಳುತ್ತೇನೆ. ಯಾರ ಮನೆಯ ವಿಶೇಷ ವಿಷಯ ಏನೆಂದು ಇಡೀ ಓಣಿಗೆ ಗೊತ್ತಿರುತ್ತದೆ, ಅದು ಬೇರೆ ಮಾತು.

ನಮ್ಮದು 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಪರಂಪರೆಯ ಸಭೆ. ಕ್ಯಾಥೊಲಿಕರ ಹಾಗೆ ಒಬ್ಬೊಬ್ಬರೇ ಫಾದರ್ ಹತ್ತಿರ ಹೋಗಿ ಪಾಪ ಹೇಳಿಕೊಳ್ಳುವ ಪದ್ಧತಿ ಇಲ್ಲ. ಭಾನುವಾರ ಎಲ್ಲರೂ ಪುಸ್ತಕ ಹಿಡಿದು ಒಟ್ಟಿಗೆ ಪಾಪದ ಅರಿಕೆ ಓದುತ್ತೇವೆ. ಆ ದೊಡ್ಡ ದನಿಯೊಳಗೆ ಅಡಗಿಕೊಳ್ಳುವುದು ಬಹಳ ಸುಲಭ.

ಕಳೆದ ಮಳೆಗಾಲದ ಒಂದು ಬುಧವಾರ ಎಲ್ಲರದೂ ಬರೆದಾದ ಮೇಲೆ ನಮ್ಮ ಸಭೆಯ ಪಾದ್ರಿ ಅಯ್ಯನವರು ಸುಮ್ನೆ, ವಾಡಿಕೆಗೆ, 'ನಿಮ್ಮದೇನಾದರೂ ಇದೆಯೇನಮ್ಮಾ?' ಅಂದರು. 'ಇಲ್ರಿ' ಅಂದಿದ್ದರೆ ಮುಗಿಯುತ್ತಿತ್ತು. 'ನಾಲ್ಕು ತಿಂಗಳಿಂದ ನನಗ ಪ್ರಾರ್ಥನೆ ಮಾಡ್ಲಿಕ್ಕೆ ಆಗವಲ್ದು. ನಿದ್ದಿ ಇಲ್ಲ. ಡಾಕ್ಟರು ಮಾತ್ರೆ ಕೊಟ್ಟಾರ' ಅಂದುಬಿಟ್ಟೆ. ಸಂಡೇ ಸ್ಕೂಲ್ ಟೀಚರ್ ಬೇರೆ ನಾನು!

ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಸಭೆಯ ಹಿರಿಯರೊಬ್ಬರು ತಕ್ಷಣ ಬೈಬಲಿನ ಫಿಲಿಪ್ಪಿ 4:6 ಹೇಳಿದರು, ಯಾವುದಕ್ಕೂ ಚಿಂತೆ ಮಾಡಬಾರದು ಅಂತ. ವಾಕ್ಯ ಸುಳ್ಳಲ್ಲ. ಆದರೆ ಅದನ್ನು ಕೇಳಿ ನಾನು ಇನ್ನೊಂದು ತಪ್ಪು ಮಾಡಿದ ಹಾಗೆ ಕೂತೆ.

ಆಮೇಲೆ ಚಹಾದ ಕಪ್ಪು ತೊಳೆಯುವಾಗ ಆ ಮನೆಯ ಅಜ್ಜಿ ಪಕ್ಕಕ್ಕೆ ಬಂದರು. 'ಎಲೀಯನ ಕಥಿ ಪೂರಾ ಓದೀಯೇನವಾ?'

ಎಲೀಯ ಬೈಬಲಿನ ಪ್ರವಾದಿ. ಎಷ್ಟು ಸಲ ಕಲಿಸಿದ ಕಥೆ! ಕರ್ಮೆಲ್ ಬೆಟ್ಟದಲ್ಲಿ ಬಾಳ ಎಂಬ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದವನು. ಮಕ್ಕಳಿಗೆ ಆಕಾಶದಿಂದ ಬೆಂಕಿ ಬಿದ್ದ ಭಾಗ ಇಷ್ಟ. ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮುಂದಿನ ಅಧ್ಯಾಯದಲ್ಲಿ ಅದೇ ಎಲೀಯ ರಾಣಿಯ ಬೆದರಿಕೆಗೆ ಹೆದರಿ ಅಡವಿಗೆ ಓಡುತ್ತಾನೆ. ಗಿಡದ ಕೆಳಗೆ ಕೂತು, ಸಾಕು, ನನ್ನ ಜೀವ ತೆಗೆದುಕೋ ಅನ್ನುತ್ತಾನೆ. ಮಲಗಿಬಿಡುತ್ತಾನೆ. ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಬಿಸಿಗಲ್ಲಿನ ಮೇಲೆ ಸುಟ್ಟ ರೊಟ್ಟಿ, ನೀರು. ಉಂಡು ಮತ್ತೆ ಮಲಗಿದರೂ ಬೈಗುಳ ಇಲ್ಲ. ಮತ್ತೆ ಎಬ್ಬಿಸಿ ಮತ್ತೆ ಉಣಿಸುತ್ತಾನೆ. ಇಲ್ಲೇನು ಮಾಡುತ್ತಿದ್ದೀ ಅಂತ ದೇವರು ಕೇಳುವುದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

'ದೇವರು ಮೊದಲ ರೊಟ್ಟಿ ಕೊಟ್ಟಾನ, ಆಮ್ಯಾಲೆ ಮಾತಾಡ್ಯಾನ' ಅಂದರು ಅಜ್ಜಿ. 'ನಮ್ಮ ಮಂದಿ ಮೊದಲ ವಾಕ್ಯ ಕೊಡ್ತಾರ.' ಕಪ್ಪು ಒರೆಸುತ್ತಾ ದನಿ ಇಳಿಸಿದರು. 'ನಮ್ಮ ಯಜಮಾನ್ರು ಹೋದಾಗ ಎರಡು ವರ್ಷ ಚರ್ಚಿನಾಗ ಬರೇ ಬಾಯಿ ಆಡಿಸೇನಿ. ದನಿ ತಗದಿಲ್ಲ.'

ಅವರ ಪಕ್ಕದಲ್ಲೇ ನಿಂತು ಹಾಡಿದವಳು ನಾನು. ಗೊತ್ತೇ ಆಗಿರಲಿಲ್ಲ.

ಮುಂದಿನ ಬುಧವಾರ ಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ವಿಜ್ಞಾಪನೆಗಳು ಎಂದಿನವೇ, ಶುಗರು, ವೀಸಾ, ಕೇಸು. ಎಲ್ಲರೂ ಹೊರಟರು. ವಾಕ್ಯ ಹೇಳಿದ ಆ ಹಿರಿಯರು ಮಾತ್ರ ಕಟ್ಟೆಯ ಮೇಲೆ ಕೂತು ಚಪ್ಪಲಿಯ ಬಕಲ್ ಹಾಕುತ್ತಲೇ ಇದ್ದರು. ಅಂಗಳ ಖಾಲಿಯಾದ ಮೇಲೆ ತಲೆ ಎತ್ತದೆ ಕೇಳಿದರು.

'ಆ ನಿಮ್ಮ ಡಾಕ್ಟರ ಹೆಸರೇನ್ರಿ?'

ನಾನು ವಿಜ್ಞಾಪನೆ ಪುಸ್ತಕದಿಂದಲೇ ಒಂದು ಹಾಳೆ ಹರಿದೆ.