ಘಟ್ಟ ಇಳಿದು ಕಾರವಾರ, ವಾಸ್ಕೊ: ನೌಕಾಪಡೆಯ ಹಳೆಯ ವಿಮಾನಗಳನ್ನು ನೋಡಹೋಗುವವರಿಗೆ

ಶಿವಮೊಗ್ಗದ ಕಡೆ ಹಳೆಯ ಯುದ್ಧವಿಮಾನಗಳ ಗೀಳು ಹತ್ತಿಸಿಕೊಂಡವರು ಸಾಮಾನ್ಯವಾಗಿ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯಕ್ಕೆಂದು ರೈಲು ಹತ್ತುತ್ತಾರೆ. ಅದು ಒಳ್ಳೆಯದೇ. ಆದರೆ ಸಮುದ್ರದ ಮೇಲೆ ಹಾರಿದ ವಿಮಾನಗಳನ್ನು ನೋಡಬೇಕೆನ್ನುವವರು ಪಶ್ಚಿಮಕ್ಕೆ ಹೊರಡಬೇಕು. ಮೊದಲು ಕಾರವಾರ, ಆಮೇಲೆ ಗೋವಾದ ವಾಸ್ಕೊ. ಈ ಕ್ರಮವನ್ನು ಬದಲಿಸಬೇಡಿ ಎನ್ನುವುದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಸಾಗರ, ತಾಳಗುಪ್ಪ ದಾಟಿ, ಮಾವಿನಗುಂಡಿಯ ಮೇಲೆ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ಅಲ್ಲಿಂದ ಕುಮಟಾ, ಅಂಕೋಲಾ ಮಾರ್ಗವಾಗಿ ಹೆದ್ದಾರಿ ಕಾರವಾರಕ್ಕೆ ಮುಟ್ಟಿಸುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟ ಕರಾವಳಿಯಲ್ಲೇ ಆಗುತ್ತದೆ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. ಆದ್ದರಿಂದ ಜೋರು ಮಳೆಯ ತಿಂಗಳುಗಳನ್ನು ಬಿಟ್ಟುಬಿಡುವುದು ಒಳಿತು.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಜೊತೆಗೆ ಈಗ ಟುಪೊಲೆವ್-142 ಇದೆ. ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ಈ ವಿಮಾನವನ್ನು ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ರಸ್ತೆಯ ಮೇಲೆ ತಂದು ಇಲ್ಲಿ ಮತ್ತೆ ಜೋಡಿಸಲಾಗಿದೆ. ಹೆಚ್ಚಿನವರು ರೆಕ್ಕೆಯ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಎಂಜಿನ್‌ಗಳ ಎದುರು ನಿಲ್ಲಿ. ಒಂದೊಂದು ಎಂಜಿನ್ನಿಗೂ ನಾಲ್ಕು ಅಲಗುಗಳ ಎರಡು ಪ್ರೊಪೆಲ್ಲರ್‌ಗಳು ಒಂದರ ಹಿಂದೊಂದು ಕೂತಿವೆ. ಅಲಗುಗಳ ವಾಲಿಕೆಯನ್ನು ಗಮನಿಸಿದರೆ ಅವು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದವೆಂಬುದು ಕಣ್ಣಿಗೇ ತಿಳಿಯುತ್ತದೆ. ಸುಮಾರು 15,000 ಅಶ್ವಶಕ್ತಿಯ ಕುಜ್ನೆತ್ಸೊವ್ ಎಂಜಿನ್ನಿನ ಬಲವನ್ನು ಒಂದೇ ಪ್ರೊಪೆಲ್ಲರ್ ಹೀರಿಕೊಳ್ಳಲಾರದೆಂದು ಮಾಡಿದ ಏರ್ಪಾಡು ಇದು. ಆ ದೊಡ್ಡ ಅಲಗುಗಳು ನೆಲಕ್ಕೆ ತಾಗಬಾರದೆಂದೇ ವಿಮಾನದ ಕಾಲುಗಳೂ ಅಷ್ಟು ಎತ್ತರ. ಪ್ರೊಪೆಲ್ಲರ್ ವಿಮಾನವಾಗಿಯೂ ಇದು ಗಂಟೆಗೆ 900 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾರುತ್ತಿತ್ತು.

ಸೋವಿಯತ್ ಒಕ್ಕೂಟ ಈ ವಿಮಾನವನ್ನು ಮಾರಿದ್ದು ಭಾರತವೊಂದಕ್ಕೇ, ಅದೂ ಎಂಟನ್ನು ಮಾತ್ರ. ಅವು 1988ರಲ್ಲಿ ಬಂದು ನೆಲೆಯೂರಿದ್ದು ಗೋವಾದ ದಾಬೋಲಿಮ್‌ನಲ್ಲಿ. 1992ರಲ್ಲಿ ಅರಕ್ಕೋಣಂಗೆ ಹೋಗಿ, 2017ರ ಮಾರ್ಚ್ 29ರಂದು ನಿವೃತ್ತವಾದವು. ವಾಸ್ಕೊದ ನೌಕಾ ವಾಯುಯಾನ ಸಂಗ್ರಹಾಲಯ ಇರುವುದು ಅದೇ ದಾಬೋಲಿಮ್ ನೆಲೆಯ ಮಗ್ಗುಲಲ್ಲಿ. ಕಾರವಾರವನ್ನು ಮೊದಲು ನೋಡಿರೆಂದದ್ದು ಇದಕ್ಕೇ: ಮರುದಿನ ಅಲ್ಲಿಗೆ ಹೋದಾಗ, ಆ ದೈತ್ಯ ಯಾವ ಬಗೆಯ ವಿಮಾನಗಳ ಸಾಲಿಗೆ ಬಂದು ಸೇರಿತೆಂಬುದು ಸ್ಪಷ್ಟವಾಗುತ್ತದೆ.

ರಾತ್ರಿ ಕಾರವಾರದಲ್ಲಿ ತಂಗಿ, ಮಡಗಾಂವ್ ಮಾರ್ಗವಾಗಿ ಹೋಗಿ. ಸಂಗ್ರಹಾಲಯಕ್ಕೆ ಸೋಮವಾರ ರಜೆ. ಮೂರು ಬಾಲಗಳ ಸೂಪರ್ ಕಾನ್ಸ್ಟಲೇಶನ್ ಎಲ್ಲರ ಕಣ್ಣನ್ನೂ ಮೊದಲು ಸೆಳೆಯುತ್ತದೆ. ಸೀ ಹ್ಯಾರಿಯರ್ ಮಕ್ಕಳಿಗೆ ಇಷ್ಟವಾಗುತ್ತದೆ. ನನ್ನ ಮಟ್ಟಿಗೆ ಅಲ್ಲಿ ಹೊತ್ತು ಕಳೆಯಬೇಕಾದದ್ದು ಸೀ ಹಾಕ್ ಮತ್ತು ಅಲಿಝೆ ವಿಮಾನಗಳ ಮುಂದೆ. 1971ರ ಯುದ್ಧದ ಹೊತ್ತಿಗೆ, ಇವುಗಳನ್ನು ಹೊತ್ತ ವಿಮಾನವಾಹಕ ನೌಕೆ ವಿಕ್ರಾಂತ್‌ನ ಒಂದು ಬಾಯ್ಲರ್ ಕೆಟ್ಟು ಅದರ ವೇಗ ಕುಗ್ಗಿತ್ತು. ಹಡಗು ಗಾಳಿಗೆದುರಾಗಿ ವೇಗವಾಗಿ ಓಡಿದಷ್ಟೂ ವಿಮಾನ ಮೇಲೇರುವುದು ಸುಲಭವಾದ್ದರಿಂದ, ಆ ಸ್ಥಿತಿಯಲ್ಲಿ ಅಷ್ಟು ಗಿಡ್ಡ ಡೆಕ್ಕಿನಿಂದ ಹಾರಿ ಮತ್ತೆ ಅದರ ಮೇಲೆಯೇ ಇಳಿಯುವುದಕ್ಕೆ ಎಂಟೆದೆ ಬೇಕಿತ್ತು. ಡಿಸೆಂಬರ್ 4ರಂದು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ಎರಗಿದ್ದು ಇದೇ ಸೀ ಹಾಕ್‌ಗಳು. ಆ ಸ್ಕ್ವಾಡ್ರನ್ನಿನ ನಾಯಕ ಸಂತೋಷ್ ಕುಮಾರ್ ಗುಪ್ತ ಅವರಿಗೆ ಮಹಾವೀರ ಚಕ್ರ ಸಂದಿತು. ಮೂವರು ಕೂರುವ ಅಲಿಝೆ ಅಷ್ಟು ಚುರುಕಲ್ಲ, ಅದರ ಕೆಲಸ ಜಲಾಂತರ್ಗಾಮಿಗಳನ್ನು ಹುಡುಕುವುದು. ಡಿಸೆಂಬರ್ 10ರಂದು ಪಶ್ಚಿಮ ಸಮುದ್ರದಲ್ಲಿ ಒಂದು ಅಲಿಝೆಯನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದುರುಳಿಸಿತು. ಅದರಲ್ಲಿದ್ದ ಅಶೋಕ್ ರಾಯ್, ಸಿರೋಹಿ, ವಿಜಯನ್ ಹಿಂದಿರುಗಲಿಲ್ಲ. ಗುಪ್ತ ಅವರ ಹೆಸರು ಬಲ್ಲವರಿಗೂ ಈ ಮೂವರು ಅಪರಿಚಿತರು, ಅದು ಸರಿಯಲ್ಲ.

ಅಂಗಳದಲ್ಲಿ ನೆರಳು ಕಡಿಮೆ. ಟೋಪಿ, ನೀರು ಇರಲಿ, ಹೊರಗಿನ ವಿಮಾನಗಳನ್ನು ಬಿಸಿಲೇರುವ ಮುಂಚೆಯೇ ನೋಡಿ ಮುಗಿಸಿ. ಒಂದೇ ದಿನ ಬಿಡುವಿದ್ದವರು ವಾಸ್ಕೊದ ಆಸೆ ಬಿಟ್ಟು ಕಾರವಾರದಿಂದಲೇ ಹಿಂದಿರುಗಬಹುದು, ಆದರೆ ಕತ್ತಲಾದ ಮೇಲೆ ಘಟ್ಟ ಹತ್ತುವಂತೆ ಹೊತ್ತು ಮಾಡಿಕೊಳ್ಳಬೇಡಿ.