ಗುಂಡುಸೂಜಿ ಕಳಿಸಿ ಅಂತ ಬರೆದ ಅಬಿಗೇಲ್

ನಾವು ಈಗ ಇರುವ ಊರಿನ ಹೆಸರು ಕ್ವಿನ್ಸಿ. ಇಲ್ಲಿಯವರ ಬಾಯಲ್ಲಿ ಮಾತ್ರ ಅದು ಕ್ವಿಂಜಿ. ಬಾಸ್ಟನ್ನಿನ ಪಕ್ಕದ ಊರು, ರೆಡ್ ಲೈನ್ ರೈಲು ಬರುತ್ತದೆ. ಮನೆ ಹುಡುಕುವಾಗ ನಾವು ನೋಡಿದ್ದು ಬಾಡಿಗೆ ಮತ್ತು ರೈಲು, ಅಷ್ಟೇ. ಸ್ಟೇಷನ್ ಹತ್ತಿರದ ಕಲ್ಲಿನ ಚರ್ಚಿನ ನೆಲಮಾಳಿಗೆಯಲ್ಲಿ ಅಮೆರಿಕದ ಇಬ್ಬರು ಅಧ್ಯಕ್ಷರ ಸಮಾಧಿ ಇದೆ ಅಂತ ಗೊತ್ತಾಗಿದ್ದು ಬಂದು ಎಷ್ಟೋ ತಿಂಗಳಾದ ಮೇಲೆ. ಜಾನ್ ಆಡಮ್ಸ್ ಮತ್ತು ಅವರ ಮಗ ಜಾನ್ ಕ್ವಿನ್ಸಿ ಆಡಮ್ಸ್. ಅಲ್ಲೇ ಅವರವರ ಹೆಂಡತಿಯರೂ ಇದ್ದಾರೆ.

ನನಗೆ ಹತ್ತಿರವಾದದ್ದು ಅಧ್ಯಕ್ಷರಲ್ಲ. ಜಾನ್ ಆಡಮ್ಸರ ಹೆಂಡತಿ ಅಬಿಗೇಲ್. ಗಂಡ ಹೆಂಡತಿ ಇಬ್ಬರೂ ಬರೆದುಕೊಂಡ ಕಾಗದಗಳು ಸಾವಿರದ ನೂರಕ್ಕೂ ಜಾಸ್ತಿ ಉಳಿದಿವೆ. ಮೂಲ ಪ್ರತಿಗಳು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಓದೋಕೆ ಅಲ್ಲಿಗೆ ಹೋಗಲೇಬೇಕು ಅಂತೇನಿಲ್ಲ. ಇಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹದವರು ವಾಷಿಂಗ್ಟನ್, ಫ್ರಾಂಕ್ಲಿನ್, ಆಡಮ್ಸ್, ಜೆಫರ್ಸನ್ ಇವರೆಲ್ಲರ ಕಾಗದಗಳನ್ನು 'ಫೌಂಡರ್ಸ್ ಆನ್‌ಲೈನ್' ಅಂತ ಪುಕ್ಕಟೆಯಾಗಿ ಇಟ್ಟಿದ್ದಾರೆ, ಊರಲ್ಲಿ ಕೂತು ನೀವೂ ಓದಬಹುದು. ನಾನು ಆಫೀಸಿಗೆ ಹೋಗುವಾಗ ರೈಲಿನಲ್ಲಿ ದಿನಕ್ಕೊಂದು ಓದುತ್ತೇನೆ.

ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು 1775ರ ಜುಲೈ ತಿಂಗಳ ಒಂದು ಕಾಗದ. ಜಾನ್ ಆಗ ಫಿಲಡೆಲ್ಫಿಯಾದಲ್ಲಿ, ಇಂಗ್ಲೆಂಡಿನ ವಿರುದ್ಧ ಎದ್ದ ಅಮೆರಿಕದ ವಸಾಹತುಗಳ ಕಾಂಗ್ರೆಸ್ ಸಭೆಯಲ್ಲಿದ್ದಾರೆ. ಅಬಿಗೇಲ್ ಬ್ರೇನ್‌ಟ್ರೀಯಲ್ಲಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಹೊಲ, ಮನೆ ಎರಡನ್ನೂ ನೋಡಿಕೊಳ್ಳುತ್ತಿದ್ದಾಳೆ. (ಆಗಿನ ಬ್ರೇನ್‌ಟ್ರೀಯ ಆ ಭಾಗವೇ ಈಗಿನ ಕ್ವಿನ್ಸಿ.) ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಬಂಕರ್ ಹಿಲ್ ಕಾಳಗ ನಡೆದಿತ್ತು. ಏಳು ವರ್ಷದ ಮಗನ ಕೈ ಹಿಡಿದುಕೊಂಡು ಪೆನ್ಸ್ ಹಿಲ್ ಗುಡ್ಡ ಹತ್ತಿ, ದೂರದಲ್ಲಿ ಊರು ಉರಿಯುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಜುಲೈ ಕಾಗದದಲ್ಲಿ ಹೊಸದಾಗಿ ಬಂದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಬಗ್ಗೆ ಬರೆಯುತ್ತಾಳೆ. ನೀವು ಹೇಳಿದ್ದು ಅರ್ಧ ಕೂಡ ಅಲ್ಲ, ಮನುಷ್ಯ ಅದಕ್ಕಿಂತ ದೊಡ್ಡವರು ಅನ್ನುವ ಅರ್ಥದಲ್ಲಿ. ಆ ಬೇಸಿಗೆಯ ಇನ್ನೊಂದು ಕಾಗದದಲ್ಲಿ ಬೇರೆ ಮಾತು. ಒಂದು ಕಟ್ಟು ಗುಂಡುಸೂಜಿ ಕೊಂಡು ನಿಮ್ಮ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬನ್ನಿ. ಇಲ್ಲಿ ಏಳೂವರೆ ಷಿಲಿಂಗ್‌ಗೆ ಬರುತ್ತಿದ್ದದ್ದಕ್ಕೆ ಈಗ ಇಪ್ಪತ್ತು ಷಿಲಿಂಗ್ ಕೊಟ್ಟರೂ ಸಿಗುವುದಿಲ್ಲ. ಕಟ್ಟಿಗೆ ಆರು ಸಾವಿರ ಸೂಜಿ ಇರುತ್ತೆ ಅಂತ ಲೆಕ್ಕವನ್ನೂ ಕೊಟ್ಟಿದ್ದಾಳೆ.

ಬಟ್ಟೆ, ಸೂಜಿ ಎಲ್ಲ ಇಂಗ್ಲೆಂಡಿನಿಂದ ಬರಬೇಕಿತ್ತು. ವ್ಯಾಪಾರ ನಿಂತರೆ ಮನೆಯ ಹೆಂಗಸರಿಗೆ ಯುದ್ಧ ತಟ್ಟುವುದು ಹೀಗೇ ಅಲ್ವಾ?

ಭಾನುವಾರ ಅರಕಲಗೂಡಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನು ಹೇಳಿದೆ. ಅಪ್ಪ ಮಿಲಿಟರಿಯಲ್ಲಿದ್ದವರು, ವರ್ಷಕ್ಕೊಂದು ಸಲ ರಜ. ಅಮ್ಮ ಒಂದು ನಿಮಿಷ ಸುಮ್ನಿದ್ದರು. ಆಮೇಲೆ, "ನಾನೂ ಹಾಗೇ ಬರೀತಿದ್ದೆ ಕಣೆ. ಎಮ್ಮೆ ಕರು ಹಾಕಿದ್ದು, ನಿನಗೆ ಜ್ವರ ಬಂದಿದ್ದು, ಬರುವಾಗ ಒಂದು ಉಣ್ಣೆ ಸ್ವೆಟರ್ ತನ್ನಿ ಅನ್ನೋದು, ಎಲ್ಲ ಒಂದೇ ಇನ್‌ಲ್ಯಾಂಡಲ್ಲಿ" ಅಂದರು. ಆ ಕಾಗದಗಳೆಲ್ಲ ಎಲ್ಲಿ ಅಂತ ಕೇಳಿದೆ. ಹಳೇ ಮನೆ ಬಿಡುವಾಗ ಬಚ್ಚಲ ಒಲೆಗೆ ಹಾಕಿದರಂತೆ. ಬೇರೆಯವರು ಓದಿದರೆ ಅಂತ ನಾಚಿಕೆ.

ಅಬಿಗೇಲ್‌ಗೂ ಅದೇ ಸಂಕೋಚ ಇತ್ತು. ನನ್ನ ಕಾಗದ ಸುಟ್ಟುಬಿಡಿ ಅಂತ ಗಂಡನಿಗೆ ಬರೆಯುತ್ತಾಳೆ. 1776ರ ಏಪ್ರಿಲ್‌ನಲ್ಲಿ ಜಾನ್ ಕೊಟ್ಟ ಉತ್ತರವನ್ನು ರೈಲಿನಲ್ಲಿ ಎರಡು ಸಲ ಓದಿದೆ: ನಿನ್ನ ಕಾಗದ ಸುಡು ಅಂತೀಯ, ಆದರೆ ಮೊದಲು ನಿನ್ನನ್ನೇ ಮರೆಯಬೇಕಲ್ಲ. ಈ ಮನುಷ್ಯ ಸುಡಲಿಲ್ಲ, ಅದಕ್ಕೇ ಇವತ್ತು ನಾವು ಓದುತ್ತಿದ್ದೇವೆ. ಮಾರ್ಥಾ ವಾಷಿಂಗ್ಟನ್ ಗಂಡ ಸತ್ತ ಮೇಲೆ ತಮ್ಮಿಬ್ಬರ ಕಾಗದಗಳನ್ನು ಸುಟ್ಟುಹಾಕಿದರು, ಉಳಿದದ್ದು ಬೆರಳೆಣಿಕೆಯಷ್ಟು.

ಇದೇ ಜಾನ್ ಬಗ್ಗೆ ನನಗೊಂದು ಬೇಸರವೂ ಇದೆ. 1776ರ ಮಾರ್ಚ್ 31ರ ಕಾಗದ ತುಂಬ ಹೆಸರುವಾಸಿ. ಹೊಸ ಕಾನೂನು ಬರೆಯುವಾಗ ಹೆಂಗಸರನ್ನು ನೆನಪಿಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಅಂತ ಅಬಿಗೇಲ್ ಕೇಳಿಕೊಂಡಿದ್ದು ಅದರಲ್ಲೇ. ಬೇರೆಯವರನ್ನು ಗುಲಾಮರಾಗಿ ಇಟ್ಟುಕೊಂಡವರಿಗೆ ಸ್ವಾತಂತ್ರ್ಯದ ಆಸೆ ನಮ್ಮಷ್ಟೇ ಇರೋಕೆ ಸಾಧ್ಯವಾ ಅನ್ನುವ ಅನುಮಾನವನ್ನೂ ಅದೇ ಕಾಗದದಲ್ಲಿ ಎತ್ತುತ್ತಾಳೆ. ಎರಡು ವಾರಕ್ಕೆ ಜಾನ್ ಬರೆದ ಉತ್ತರ, ನಿನ್ನ ಕಾನೂನು ನೋಡಿ ನಗು ತಡೆಯಲಾಗಲಿಲ್ಲ ಅಂತ. ಹೆಂಡತಿಯ ಕಾಗದವನ್ನು ಜೀವದಂತೆ ಕಾಪಾಡಿದವರು ಅದರಲ್ಲಿದ್ದ ಬೇಡಿಕೆಯನ್ನು ನಕ್ಕು ಬಿಟ್ಟರು. ಅವಳು ಸುಮ್ಮನಾಗಲಿಲ್ಲ, ಮೇ ತಿಂಗಳಲ್ಲಿ ತಿರುಗಿ ಬರೆದಳು, ಹೆಂಗಸರ ವಿಷಯದಲ್ಲಿ ನಿಮ್ಮದು ದೊಡ್ಡ ಮನಸ್ಸು ಅಂತ ನಾನು ಹೇಳಲಾರೆ ಅಂತ. ದೇಶದ ಸಂವಿಧಾನ ಹೆಂಗಸರ ಓಟಿನ ಹಕ್ಕನ್ನು ಒಪ್ಪಿದ್ದು 1920ರಲ್ಲಿ.

ಉತ್ತರ ಬರುವುದು ಬೇರೆ, ಕೇಳಿದ್ದು ಸಿಗುವುದು ಬೇರೆ. ಮೇರಿಲ್ಯಾಂಡಿನ ಬೆಂಜಮಿನ್ ಬ್ಯಾನೆಕರ್ ಅವರ ಕಾಗದ ಓದಿದಾಗಲೂ ಇದೇ ಅನ್ನಿಸಿತು. ಅವರು ಗುಲಾಮರಲ್ಲದ ಕಪ್ಪು ಜನಾಂಗದ ರೈತ, ಸ್ವಂತವಾಗಿ ಗಣಿತ ಕಲಿತು ಪಂಚಾಂಗ ಮಾಡಿದವರು. 1791ರ ಆಗಸ್ಟ್ 19ರಂದು, ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್‌ಗೆ ತಮ್ಮ ಪಂಚಾಂಗದ ಹಸ್ತಪ್ರತಿ ಕಳಿಸುತ್ತಾರೆ. ಜೊತೆಗೆ, ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ನೀವೇ ಬರೆದಿರಿ, ಹಾಗಿದ್ದೂ ನನ್ನ ಜನರನ್ನು ಯಾಕೆ ಹೀಗೆ ಹಿಡಿದಿಟ್ಟಿದ್ದೀರಿ ಅಂತ ನೇರವಾಗಿ ಕೇಳುತ್ತಾರೆ. ಹನ್ನೊಂದೇ ದಿನಕ್ಕೆ ಜೆಫರ್ಸನ್ ಬಹಳ ಮರ್ಯಾದೆಯಿಂದ ಉತ್ತರ ಬರೆದರು. ಅವರ ಮಾಂಟಿಚೆಲೊ ತೋಟದ ಗುಲಾಮರಲ್ಲಿ ಬಹುಪಾಲು ಜನ ಮಾತ್ರ ಗುಲಾಮರಾಗಿಯೇ ಉಳಿದರು.

ಆ ಜೆಫರ್ಸನ್‌ಗೂ ಅಬಿಗೇಲ್‌ಗೂ ಇದ್ದ ನಂಟನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1787ರಲ್ಲಿ ಆಡಮ್ಸ್ ಲಂಡನ್ನಿನಲ್ಲಿ ರಾಯಭಾರಿ. ಪ್ಯಾರಿಸ್ಸಿನಲ್ಲಿದ್ದ ಜೆಫರ್ಸನ್ ಹತ್ತಿರ ಹೋಗಬೇಕಿದ್ದ ತಾಯಿಯಿಲ್ಲದ ಮಗಳು ಪಾಲಿ, ಎಂಟು ವರ್ಷದ ಹುಡುಗಿ, ಹಡಗಿನಿಂದ ಇಳಿದು ಮೊದಲು ಬಂದದ್ದು ಅಬಿಗೇಲ್ ಮನೆಗೆ. ಕೆಲವೇ ವಾರದಲ್ಲಿ ಮಗು ಅವಳಿಗೆ ಅಂಟಿಕೊಂಡುಬಿಟ್ಟಿತು. ಆಮೇಲೆ 1800ರ ಚುನಾವಣೆ ಬಂತು, ಜೆಫರ್ಸನ್ ಎದುರು ಆಡಮ್ಸ್ ಸೋತರು, ಎರಡು ಮನೆಗಳ ನಡುವೆ ಮಾತು ನಿಂತಿತು. 1804ರಲ್ಲಿ ಪಾಲಿ ತೀರಿಕೊಂಡ ಸುದ್ದಿ ಕೇಳಿದಾಗ ಅಬಿಗೇಲ್‌ಗೆ ತಡೆಯಲಾಗಲಿಲ್ಲ. ಗಂಡನಿಗೂ ಹೇಳದೆ ಜೆಫರ್ಸನ್‌ಗೆ ದುಃಖ ಹೇಳಿ ಬರೆದಳು. ಆದರೆ ಮುಂದಿನ ಕಾಗದಗಳಲ್ಲಿ ಹಳೆಯ ರಾಜಕೀಯ ಮತ್ತೆ ಮೇಲೆ ಬಂತು, ಜಗಳವಾಯಿತು, ಅವಳೇ ನಿಲ್ಲಿಸಿದಳು. ನವೆಂಬರ್‌ನಲ್ಲಿ ಎಲ್ಲವನ್ನೂ ಗಂಡನ ಕೈಗಿಟ್ಟಳು. ಇದು ನನಗೆ ಗೊತ್ತಿಲ್ಲದೆ ನಡೆದದ್ದು, ಸದ್ಯಕ್ಕೆ ನಾನೇನೂ ಹೇಳುವುದಿಲ್ಲ ಅಂತ ಜಾನ್ ಕೆಳಗೆ ಬರೆದು ಸಹಿ ಹಾಕಿದ್ದಾರೆ.

ಇನ್ನೂ ಏಳು ವರ್ಷ ಮೌನ. ಇಬ್ಬರಿಗೂ ಬೇಕಾದವರಾಗಿದ್ದ ಡಾಕ್ಟರ್ ಬೆಂಜಮಿನ್ ರಷ್ ಪಟ್ಟು ಬಿಡದೆ ಇಬ್ಬರಿಗೂ ಬರೆಯುತ್ತಲೇ ಇದ್ದರು. ಕೊನೆಗೆ 1812ರ ಜನವರಿ 1ರಂದು ಆಡಮ್ಸ್ ಜೆಫರ್ಸನ್‌ಗೆ ಬರೆದರು, ಮನೆಯಲ್ಲೇ ನೇಯ್ದ ಎರಡು ತುಂಡು ಕಳಿಸುತ್ತಿದ್ದೇನೆ ಅಂತ. ಅದು ಮಗ ಬರೆದ ಎರಡು ಸಂಪುಟದ ಪುಸ್ತಕ. ಕಟ್ಟು ಕೈ ಸೇರುವ ಮೊದಲೇ ಕಾಗದ ಸಿಕ್ಕಿದ್ದರಿಂದ ಜೆಫರ್ಸನ್ ನಿಜವಾದ ಬಟ್ಟೆ ಅಂದುಕೊಂಡು, ವರ್ಜೀನಿಯಾದಲ್ಲಿ ಮನೆಮನೆಯಲ್ಲಿ ನೂಲು ಹೇಗೆ ತೆಗೆಯುತ್ತಾರೆ ಅಂತ ಉದ್ದಕ್ಕೆ ಬರೆದರು. ಅಲ್ಲಿಂದ ಹದಿನಾಲ್ಕು ವರ್ಷ ಇಬ್ಬರೂ ಬರೆದರು. ಕೊನೆಗೆ ಒಂದೇ ದಿನ ತೀರಿಕೊಂಡರು, 1826ರ ಜುಲೈ 4.

1813ರ ಜುಲೈ 15ರಂದು ಆಡಮ್ಸ್ ಒಂದು ಮಾತು ಬರೆದರು: ನಾವಿಬ್ಬರೂ ಒಬ್ಬರಿಗೊಬ್ಬರು ನಮ್ಮನ್ನು ಬಿಡಿಸಿ ಹೇಳಿಕೊಳ್ಳದೆ ಸಾಯಬಾರದು. ಅದೇ ಕಾಗದದ ಕೊನೆಯಲ್ಲಿ ಬೇರೆ ಕೈಬರಹದ ಕೆಲವು ಸಾಲುಗಳಿವೆ. ಹಳೆಯ ಸ್ನೇಹಿತೆಯ ನಮಸ್ಕಾರ ಸೇರಿಸಲು ನಮ್ಮವರ ಕಾಗದಗಳಲ್ಲಿ ಎಷ್ಟೋ ದಿನದಿಂದ ಜಾಗ ಹುಡುಕುತ್ತಿದ್ದೆ ಅಂತ. ಬರೆದದ್ದು ಅಬಿಗೇಲ್. ಆಗಸ್ಟ್‌ನಲ್ಲಿ ಜೆಫರ್ಸನ್ ಅವಳಿಗೆ ಬೇರೆಯಾಗಿಯೇ ಉತ್ತರ ಕೊಟ್ಟರು.

ಇದನ್ನು ಅಮ್ಮನಿಗೆ ಓದಿ ಹೇಳಿದೆ. "ನಿಮ್ಮಜ್ಜಿನೂ ಹಾಗೇ. ನಾನು ಇನ್‌ಲ್ಯಾಂಡ್ ಹಿಡ್ಕೊಂಡು ಕೂತ್ರೆ ಪಕ್ಕದಲ್ಲೇ ಬಂದು ಕೂರೋರು. ಮಡಚೋ ಅಂಚಲ್ಲಿ ನನಗೂ ಎರಡು ಸಾಲು ಬಿಡೇ ಅನ್ನೋರು" ಅಂದರು.