ಹಿಂದಿನ ಸಂಜೆಯ ಚೀಟಿ

ಮೇ ತಿಂಗಳಲ್ಲಿ ಎರಡು ಹದ ಮಳೆ ಬಿದ್ದರೆ ಸಾಕು, ಹಾಸನದ ಸುತ್ತಮುತ್ತ ಆಲೂಗಡ್ಡೆ ಬಿತ್ತನೆಗೆ ಓಡಾಟ ಶುರು. ಪಂಜಾಬಿನ ಜಲಂಧರ್‌ನಿಂದ ಬಂದು ತಣ್ಣಗೆ ಮಲಗಿದ್ದ ಕುಫ್ರಿ ಜ್ಯೋತಿ ತಳಿಯ ಬೀಜದ ಮೂಟೆಗಳಿಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆಗ ನಾನು ಇಲ್ಲಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್ ಆಗಿದ್ದೆ. ಆ ವರ್ಷ ಗೇಟಿನ ಹೊರಗೆ ರೈತರ ಸಾಲು, ಒಳಗೆ ನಮ್ಮವರಿಬ್ಬರ ಜಗಳ.

ಒಬ್ಬರು ಸ್ಟಾಕ್ ರಿಜಿಸ್ಟರ್ ನೋಡುವ ಮೇಡಂ, ಇನ್ನೊಬ್ಬರು ಯಾರ್ಡ್ ಸೂಪರ್‌ವೈಸರ್. ಬೆಳಿಗ್ಗೆ ಏಳಕ್ಕೆ ನಿಂತಲ್ಲೇ ಮೀಟಿಂಗ್. ಸೂಪರ್‌ವೈಸರ್ ಮಾತಾಡುತ್ತಾ ಮಾತಾಡುತ್ತಲೇ ಆ ದಿನದ ಕೆಲಸ ತೀರ್ಮಾನಿಸುತ್ತಿದ್ದರು. ಮೇಡಂ ತುಟಿ ಬಿಚ್ಚುತ್ತಿರಲಿಲ್ಲ. ಅರ್ಧ ಗಂಟೆ ಆದಮೇಲೆ ಲಾಟ್ ನಂಬರ್ ಹೊಂದುತ್ತಿಲ್ಲ ಎಂದು ಲೋಡು ನಿಲ್ಲಿಸುತ್ತಿದ್ದರು.

‘ಮೀಟಿಂಗಲ್ಲಿ ಸುಮ್ನೆ ಇರ್ತಾರೆ, ಆಮೇಲೆ ಕಾಲು ಎಳೀತಾರೆ’ ಎಂದು ಇವರು. ‘ಯೋಚನೆ ಮಾಡೋಕೆ ಬಿಟ್ರೆ ತಾನೆ ಮಾತಾಡೋದು’ ಎಂದು ಅವರು. ಆ ಮೌನವನ್ನು ನಾನೂ ಜಂಬ ಅಂದುಕೊಂಡಿದ್ದೆ. ಅದು ನನ್ನ ತಪ್ಪು.

ಒಂದು ದಿನ ಇವರ ವಾದ ಮುಗಿಯುವಷ್ಟರಲ್ಲಿ ನಲವತ್ತು ಮೂಟೆ ಬಿಸಿಲಿಗೆ ಬಿದ್ದಿದ್ದವು. ತಂಪಿನಿಂದ ತೆಗೆದ ಬೀಜವನ್ನು ನೆರಳಲ್ಲಿ ಹರಡಬೇಕು, ಗಾಳಿಯಾಡಬೇಕು, ನಿಧಾನಕ್ಕೆ ಮೊಳಕೆ ಬರಬೇಕು. ಇಲ್ಲಿ ಗೋಣಿಯೊಳಗೇ ಬೆವರಿ ಗೆಡ್ಡೆ ಒದ್ದೆಯಾಗಿತ್ತು. ಅರಕಲಗೂಡಿನ ಕಡೆಯಿಂದ ಬಂದಿದ್ದ ರೈತರೊಬ್ಬರು ಒಂದೊಂದೇ ಗೆಡ್ಡೆ ಎತ್ತಿ ಟವೆಲ್ಲಿನಲ್ಲಿ ಒರೆಸುತ್ತಾ ಕೂತಿದ್ದರು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

ಆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಅವಳು ಬೆಂಗಳೂರಿನ ಕಂಪನಿಯೊಂದರಲ್ಲಿ ಎಚ್‌ಆರ್. ಜನರ ಸ್ವಭಾವವನ್ನು ನಾಲ್ಕು ಅಕ್ಷರಗಳಲ್ಲಿ ಹೇಳುವ ಮೈಯರ್ಸ್–ಬ್ರಿಗ್ಸ್ ವಿಧಾನದ ಬಗ್ಗೆ ಹೇಳಿದಳು. 1921ರಲ್ಲಿ ಕಾರ್ಲ್ ಯೂಂಗ್ ಬರೆದ ವಿಚಾರಗಳನ್ನು ಹಿಡಿದು ಅಮೆರಿಕದ ತಾಯಿ–ಮಗಳು ಬೆಳೆಸಿದ್ದು. ಒಟ್ಟು 16 ಬಗೆ. ಮಾತಾಡಿಕೊಂಡೇ ಯೋಚಿಸುವವರು ಒಂದು ಕಡೆ, ಅವರ ಮೊದಲ ಅಕ್ಷರ ‘ಇ’; ಒಳಗೇ ಯೋಚಿಸಿ ಆಮೇಲೆ ಮಾತಾಡುವವರು ಇನ್ನೊಂದು ಕಡೆ, ಅವರದು ‘ಐ’. ಅಲ್ಲಿಗೇ ನನ್ನ ಕಿವಿ ನೆಟ್ಟಗಾಯಿತು.

ಭಾನುವಾರ ಅದೇ ಮಾದರಿಯ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಂಡು ಮೂವರೂ ಕೂತೆವು. ಮೇಡಂಗೆ ಐಎಸ್‌ಟಿಜೆ ಬಂತು, ಸೂಪರ್‌ವೈಸರ್‌ಗೆ ಇಎಸ್‌ಟಿಪಿ. ಅಕ್ಷರಗಳಿಗಿಂತ ಆಮೇಲೆ ನಡೆದ ಮಾತೇ ನನಗೆ ಮುಖ್ಯ. ಸೂಪರ್‌ವೈಸರ್ ಹಾಳೆ ಕೆಳಗಿಟ್ಟು ಕೇಳಿದರು: ‘ಹಂಗಾದ್ರೆ ನಿಮಗೆ ಎಷ್ಟು ಹೊತ್ತು ಬೇಕು ಮೇಡಂ?’

‘ಒಂದು ರಾತ್ರಿ ಸಾಕು.’

ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದವರು ಈ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ.

ಅವತ್ತಿನಿಂದ ಮರುದಿನ ಯಾವ ಚೇಂಬರ್ ತೆಗೆಯಬೇಕು ಅಂತ ಸೂಪರ್‌ವೈಸರ್ ಹಿಂದಿನ ಸಂಜೆಯೇ ಚೀಟಿ ಬರೆದು ಕೊಡುವುದು. ಬೆಳಿಗ್ಗೆ ಮೊದಲು ಮೇಡಂ ಮಾತು. ಇದೊಂದೇ ನಾವು ಬದಲಾಯಿಸಿದ್ದು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಹೊಸ ಹುಡುಗರನ್ನು ಇದೇ ಪ್ರಶ್ನೆ ಕೊಟ್ಟು ಆರಿಸೋಣ ಎಂಬ ಮಾತು ಬಂತು. ಬೇಡ ಅಂದೆ. ಆ ಪರೀಕ್ಷೆ ನಡೆಸುವ ಕಂಪನಿಯೇ ಕೆಲಸಕ್ಕೆ ಆರಿಸಲು ಅದನ್ನು ಬಳಸಬೇಡಿ ಅನ್ನುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರಿಗೆ ಬೇರೆ ಅಕ್ಷರ ಬರುತ್ತದೆ. ಅಂಥದ್ದನ್ನು ಹಣೆಗೆ ಅಂಟಿಸಿ ಒಬ್ಬರ ಅನ್ನ ತೀರ್ಮಾನಿಸುವುದು ಅನ್ಯಾಯ, ಅಲ್ವಾ? ಹಮಾಲಿ ಹುಡುಗರು ‘ಐ ಮೇಡಂ’ ಅಂತ ಕರೆಯಲು ಶುರುಮಾಡಿದಾಗಲೂ ಕೂರಿಸಿಕೊಂಡು ತಿಳಿಹೇಳಿದೆ.

ಜಗಳ ಪೂರ್ತಿ ನಿಲ್ಲಲಿಲ್ಲ. ಆದರೆ ಲೋಡು ನಿಲ್ಲುವುದು ಕಡಿಮೆಯಾಯಿತು. ಆ ಸೀಸನ್ನಿನ ಕೊನೆಯಲ್ಲಿ ಒಂದು ಚೀಟಿ ನನ್ನ ಮೇಜಿಗೆ ಬಂತು. ಮೇಲೆ ಸೂಪರ್‌ವೈಸರ್‌ರ ಅವಸರದ ಕೈಬರಹದಲ್ಲಿ ಚೇಂಬರ್ ನಂಬರ್. ಕೆಳಗೆ ಮೇಡಂರ ದುಂಡು ಅಕ್ಷರದಲ್ಲಿ ಲಾಟ್ ನಂಬರುಗಳು, ಪ್ರತಿಯೊಂದರ ಪಕ್ಕ ರೈತರ ಊರು. ಎಲ್ಲಕ್ಕಿಂತ ಕೆಳಗೆ ಅದೇ ದುಂಡು ಅಕ್ಷರದಲ್ಲಿ ಒಂದು ಸಾಲು: ‘ದೂರದವರನ್ನು ಮೊದಲು ಕಳಿಸಿ, ರಿಜಿಸ್ಟರ್ ನಾನು ನೋಡ್ಕೋತೀನಿ.’